ಹನ್ನೊಂದರಿಂದ ಮೂರಕ್ಕೆ: ಹಳ್ಳಿಯ ಹಗೆತನದ ಕೊಲೆ ಪ್ರಕರಣವೊಂದರಲ್ಲಿ ಖುಲಾಸೆಯ ವಿರುದ್ಧದ ಮೇಲ್ಮನವಿ

ಈ ಪ್ರಕರಣದ ಮೇಲ್ಮನವಿಯಲ್ಲಿ ನಾನು ಮೃತನ ಹೆಂಡತಿಯ ಪರವಾಗಿ, ಹಿರಿಯ ವಕೀಲರೊಬ್ಬರ ಕೈಕೆಳಗೆ ಕಿರಿಯನಾಗಿ ಕೆಲಸ ಮಾಡಿದೆ. ಊರು, ಮನೆತನ, ಠಾಣೆ, ನ್ಯಾಯಾಲಯ, ವ್ಯಕ್ತಿಗಳ ಹೆಸರು ಯಾವುದನ್ನೂ ಇಲ್ಲಿ ಬರೆದಿಲ್ಲ. ಗುರುತು ಸಿಗಬಹುದಾದ ಕೆಲವು ವಿವರಗಳನ್ನು ಬೇಕೆಂದೇ ಬದಲಿಸಿದ್ದೇನೆ. ನಮ್ಮ ಕಚೇರಿಯಲ್ಲಿ ಆಕೆ ಆಡಿದ ಮಾತನ್ನು ಬರೆಯಲು ಆಕೆಯ ಒಪ್ಪಿಗೆ ಪಡೆದಿದ್ದೇನೆ. ಪ್ರಕರಣ ನಡೆದದ್ದು ಹಳೆಯ ಕಾನೂನುಗಳಡಿ. ಆದ್ದರಿಂದ ಭಾರತೀಯ ದಂಡ ಸಂಹಿತೆ ಮತ್ತು 1973ರ ದಂಡ ಪ್ರಕ್ರಿಯಾ ಸಂಹಿತೆಯ ಕಲಂಗಳನ್ನೇ ಬಳಸಿದ್ದು, 2024ರ ಜುಲೈ 1ರಿಂದ ಜಾರಿಗೆ ಬಂದ ಹೊಸ ಸಂಹಿತೆಗಳ ಕಲಂಗಳನ್ನು ಅಗತ್ಯವಿದ್ದಲ್ಲಿ ಹೇಳುತ್ತೇನೆ.

ಹಿನ್ನೆಲೆ

ಕೃಷ್ಣೆ ಮತ್ತು ಭೀಮೆಯ ನಡುವಿನ ಎರೆಮಣ್ಣಿನ ಸೀಮೆಯ ಹಳ್ಳಿಯೊಂದರಲ್ಲಿ ಎರಡು ಮನೆತನಗಳ ಹೊಲಗಳು ಒಂದಕ್ಕೊಂದು ಹೊಂದಿಕೊಂಡಿದ್ದವು. ಒಂದನ್ನು ಕೆರೆಯ ಮನೆತನ, ಇನ್ನೊಂದನ್ನು ಗುಡಿಯ ಮನೆತನ ಎನ್ನೋಣ. ಕೆರೆಯವರ ಹೊಲಕ್ಕೆ ಹೋಗುವ ಬಂಡಿದಾರಿ ಗುಡಿಯವರ ಬದುವಿನ ಪಕ್ಕದಲ್ಲಿ ಹಾಯುತ್ತಿತ್ತು. ತಕರಾರಿನ ಜಾಗ ಎಲ್ಲ ಸೇರಿ ಮೂರು ಗುಂಟೆ. ಭೂಮಾಪಕರು ಒಮ್ಮೆ ಬಂದು ಅಳೆದು ಕಲ್ಲು ನೆಟ್ಟು ಹೋದರು. ಮುಂದಿನ ಮಳೆಗಾಲದ ಹೊತ್ತಿಗೆ ಆ ಕಲ್ಲು ಇರಲಿಲ್ಲ. ಬಳಿಕ ಗ್ರಾಮ ಪಂಚಾಯಿತಿ ಚುನಾವಣೆ ಬಂದು, ಮೃತನ ಚಿಕ್ಕಪ್ಪನ ಮಗ ಗುಡಿಯ ಮನೆತನದ ಅಭ್ಯರ್ಥಿಯ ಎದುರು ಸೋತ. ಅಲ್ಲಿಂದ ಮುಂದೆ ಸಿವಿಲ್ ದಾವೆ, ಪರಸ್ಪರ ಠಾಣೆ ದೂರುಗಳು, ತಹಶೀಲ್ದಾರರ ಮುಂದೆ 107ನೇ ಕಲಮಿನಡಿ ಎರಡೂ ಕಡೆಯವರಿಂದ ಶಾಂತಿ ಕಾಪಾಡುವ ಮುಚ್ಚಳಿಕೆ, ಹೀಗೆ ಕಾಗದಗಳು ಬೆಳೆಯುತ್ತ ಹೋದವು.

ಕಾರಹುಣ್ಣಿಮೆಯ ಮರುದಿನ ಬೆಳಿಗ್ಗೆ ಸುಮಾರು 7 ಗಂಟೆಗೆ ಮೃತ ಮತ್ತು ಅವನ ತಮ್ಮ ಎತ್ತು ಹೂಡಿಕೊಂಡು, ತೊಗರಿ ಬಿತ್ತಲು ಕೂರಿಗೆ ಹೇರಿಕೊಂಡು ಆ ದಾರಿಯಲ್ಲಿ ಹೊರಟಿದ್ದರು. ದಾರಿಯಲ್ಲಿ ಜಾಲಿಮುಳ್ಳು ಹಾಕಿ ಅಡ್ಡಗಟ್ಟಲಾಗಿತ್ತು. ಮುಳ್ಳು ಎಳೆಯಲು ಬಾಗಿದ ಅಣ್ಣನ ತಲೆಗೆ ಕೊಡಲಿಯ ಪೆಟ್ಟು ಬಿತ್ತು, ಹಿಂಗತ್ತಿಗೆ ಮಚ್ಚಿನ ಪೆಟ್ಟು ಬಿತ್ತು. ಬಿಡಿಸಲು ಹೋದ ತಮ್ಮನ ಎಡಮುಂಗೈ ಮೂಳೆಯವರೆಗೆ ಕಡಿಯಿತು. 18 ಕಿಲೋಮೀಟರ್ ದೂರದ ತಾಲೂಕು ಆಸ್ಪತ್ರೆಗೆ ಇಬ್ಬರನ್ನೂ ಟಂಟಂ ವಾಹನದಲ್ಲಿ ಸಾಗಿಸಲಾಯಿತು. ಅಣ್ಣ ದಾರಿಯಲ್ಲೇ ತೀರಿಕೊಂಡಿದ್ದ. ತಮ್ಮನನ್ನು ಪರೀಕ್ಷಿಸಿದ ಕರ್ತವ್ಯನಿರತ ವೈದ್ಯರು 8 ಗಂಟೆ 40 ನಿಮಿಷಕ್ಕೆ, ಪೊಲೀಸರಿಗೆ ತಿಳಿಸಬೇಕಾದ ಗಾಯದ ಪ್ರಕರಣಗಳನ್ನು ಬರೆದಿಡುವ ಎಂಎಲ್‌ಸಿ ರಿಜಿಸ್ಟರಿನಲ್ಲಿ ನಮೂದು ಮಾಡಿದರು. ಇಡೀ ಪ್ರಕರಣ ಮುಂದೆ ಆ ಒಂದು ನಮೂದಿನ ಸುತ್ತಲೇ ತಿರುಗಿತು.

ಖುಲಾಸೆ ಏಕಾಯಿತು

ಆಸ್ಪತ್ರೆಯ ನಮೂದಿನಲ್ಲಿ ಹೊಡೆದವರೆಂದು ಮೂರು ಹೆಸರುಗಳಿದ್ದವು. ಮಧ್ಯಾಹ್ನ 1.30ಕ್ಕೆ ಠಾಣೆಯಲ್ಲಿ ದಾಖಲಾದ ಫಿರ್ಯಾದಿಯಲ್ಲಿ ಹನ್ನೊಂದು ಹೆಸರುಗಳಿದ್ದವು. ಫಿರ್ಯಾದಿ ಕೊಟ್ಟವನು ಗಾಯಗೊಂಡ ತಮ್ಮನಲ್ಲ. ಚುನಾವಣೆಯಲ್ಲಿ ಸೋತಿದ್ದ ಚಿಕ್ಕಪ್ಪನ ಮಗ. ಕೂಗು ಕೇಳಿ ಓಡಿಬಂದೆನೆಂದು ಅವನು ಹೇಳಿದ್ದ. ಗುಡಿಯ ಮನೆತನದಲ್ಲಿ ಮೀಸೆ ಬಂದ ಗಂಡಸರಲ್ಲಿ ಆ ಪಟ್ಟಿಯಿಂದ ಹೊರಗುಳಿದವರು ಇಬ್ಬರೋ ಮೂವರೋ ಇರಬಹುದು. ಎಫ್‌ಐಆರ್ ಮ್ಯಾಜಿಸ್ಟ್ರೇಟರಿಗೆ ತಲುಪಿದ್ದು ರಾತ್ರಿ 8.15ಕ್ಕೆ. ಠಾಣೆಗೂ ಮ್ಯಾಜಿಸ್ಟ್ರೇಟರ ಮನೆಗೂ ಅರ್ಧ ಕಿಲೋಮೀಟರ್ ದೂರವಿಲ್ಲ. ತಡವಾದದ್ದು ಏಕೆ ಎಂದು ಎಫ್‌ಐಆರ್ ಒಯ್ದ ಪೇದೆಯನ್ನು ವಿಚಾರಣೆಯಲ್ಲಿ ಯಾರೂ ಕೇಳಲಿಲ್ಲ, ಅವನೂ ಹೇಳಲಿಲ್ಲ.

ದೋಷಾರೋಪಣ ಪಟ್ಟಿ 143, 147, 148, 341, 326, 504, 302 (ಕೊಲೆ) ಸಹಿತ 149ನೇ ಕಲಂ ಎಂಬ ನಮ್ಮ ಕಡೆಯ ವಾಡಿಕೆಯ ಸಾಲಿನಲ್ಲಿ ಸಲ್ಲಿಕೆಯಾಯಿತು. ಅಕ್ರಮ ಕೂಟದಲ್ಲಿದ್ದವನು ತಾನೇ ಹೊಡೆಯದಿದ್ದರೂ ಕೂಟದ ಸಮಾನ ಉದ್ದೇಶಕ್ಕಾಗಿ ನಡೆದ ಅಪರಾಧಕ್ಕೆ ಹೊಣೆಯಾಗುತ್ತಾನೆ ಎನ್ನುವುದು 149ರ ತಿರುಳು. ಈಗ ಅದು ಭಾರತೀಯ ನ್ಯಾಯ ಸಂಹಿತೆಯ 190ನೇ ಕಲಮಿನಲ್ಲಿದೆ. ವಿಚಾರಣೆಯಲ್ಲಿ 24 ಸಾಕ್ಷಿಗಳ ಪೈಕಿ 13 ಮಂದಿ ಪ್ರತಿಕೂಲರಾದರು, ಅಂದರೆ ಪೊಲೀಸರ ಮುಂದೆ ಹೇಳಿದ್ದನ್ನು ನ್ಯಾಯಾಲಯದಲ್ಲಿ ಹೇಳಲಿಲ್ಲ. ಮಹಜರಿನ ಪಂಚರು ತಮ್ಮ ಸಹಿಯನ್ನು ಠಾಣೆಯಲ್ಲಿ ಹಾಕಿದ್ದೆಂದರು. ಕೊಡಲಿಯ ಮೇಲೆ ಮನುಷ್ಯನ ರಕ್ತವಿದೆ, ಗುಂಪು ನಿರ್ಧರಿಸಲಾಗಲಿಲ್ಲ ಎಂದು ಪ್ರಯೋಗಾಲಯದ ವರದಿ ಬಂತು. ಉಳಿದದ್ದು ಫಿರ್ಯಾದಿ ಕೊಟ್ಟವನು, ಗಾಯಾಳು ತಮ್ಮ ಮತ್ತು ವೈದ್ಯರು. ಗಾಯಾಳು ಪ್ರಮಾಣ ಮಾಡಿ ಹನ್ನೊಂದು ಮಂದಿಯೂ ಹೊಡೆದರೆಂದ. ಆಸ್ಪತ್ರೆಯಲ್ಲಿ ಮೂವರನ್ನಷ್ಟೇ ಹೇಳಿದ್ದೇಕೆ ಎಂಬ ಪಾಟೀ ಸವಾಲಿಗೆ ಅವನು ಕೊಟ್ಟ ಉತ್ತರ ಇಷ್ಟೇ: "ನೋವಿನಾಗ ನೆನಪಾಗ್ಲಿಲ್ರಿ."

ಸೆಷನ್ಸ್ ನ್ಯಾಯಾಲಯ ಹನ್ನೊಂದು ಮಂದಿಯನ್ನೂ ಸಂಶಯದ ಲಾಭ ಕೊಟ್ಟು ಬಿಡುಗಡೆ ಮಾಡಿತು. ತೀರ್ಪು ಕಳಪೆಯದೆಂದು ನಾನು ಹೇಳಲಾರೆ. ಹಗೆತನವೆಂಬುದು ಎರಡಲಗಿನ ಕತ್ತಿ, ಕೊಲ್ಲಲು ಕಾರಣವಾಗುವಂತೆಯೇ ಸುಳ್ಳು ಹೆಸರು ಸೇರಿಸಲೂ ಕಾರಣವಾಗುತ್ತದೆ ಎಂದು ನ್ಯಾಯಾಧೀಶರು ಬರೆದದ್ದು ಈ ಕಡತದ ಮಟ್ಟಿಗೆ ಅಕ್ಷರಶಃ ನಿಜವಾಗಿತ್ತು. ಆದರೆ ಮೂರು ಹೆಸರು ಹನ್ನೊಂದಾಯಿತು ಎನ್ನುವುದನ್ನು ಎಂಟು ಮಂದಿಯ ಪರವಾಗಿ ಗಮನಿಸಿದ ತೀರ್ಪು, ಹೆಸರು ಬೆಳೆಯುವ ಮೊದಲೇ ಆ ಮೂರು ಹೆಸರು ಅಲ್ಲಿದ್ದವು ಎನ್ನುವುದರ ಕಡೆಗೆ ತಿರುಗಿ ನೋಡಲೇ ಇಲ್ಲ.

ಮೇಲ್ಮನವಿ ಯಾರ ವಿರುದ್ಧ

ಮೃತನ ಹೆಂಡತಿ ತೀರ್ಪಿನ ಪ್ರತಿಯೊಂದಿಗೆ ನಮ್ಮ ಕಚೇರಿಗೆ ಬಂದಾಗ ಆಕೆಯ ಜೊತೆ ಫಿರ್ಯಾದಿ ಕೊಟ್ಟ ಆ ಚಿಕ್ಕಪ್ಪನ ಮಗನೂ ಇದ್ದ. ಆಕೆಯ ಹಕ್ಕಿನ ಬಗ್ಗೆ ಹೆಚ್ಚಿನ ಚರ್ಚೆ ಬೇಕಾಗಲಿಲ್ಲ. ಖುಲಾಸೆಯ ವಿರುದ್ಧ ಬಾಧಿತರೇ ಮೇಲ್ಮನವಿ ಸಲ್ಲಿಸಬಹುದೆಂಬ ಉಪವಾಕ್ಯ 372ನೇ ಕಲಮಿಗೆ ಸೇರಿ 2009ರ ಡಿಸೆಂಬರ್ 31ರಿಂದ ಜಾರಿಯಲ್ಲಿತ್ತು. ಬಾಧಿತರೆಂದರೆ ಕಾನೂನುಬದ್ಧ ವಾರಸುದಾರರೂ ಸೇರುತ್ತಾರೆ. ರಾಜ್ಯ ಸರ್ಕಾರ 378ನೇ ಕಲಮಿನಡಿ ಹೋಗುವಾಗ ಉಚ್ಚ ನ್ಯಾಯಾಲಯದ ಅನುಮತಿ ಬೇಕು. ಬಾಧಿತರಿಗೆ ಅದು ಬೇಕಿಲ್ಲವೆಂದು ಸುಪ್ರೀಂ ಕೋರ್ಟು ಕರ್ನಾಟಕದಿಂದಲೇ ಹೋದ ಮಲ್ಲಿಕಾರ್ಜುನ ಕೊಡಗಲಿ ಪ್ರಕರಣದಲ್ಲಿ, 2018ರ ಅಕ್ಟೋಬರಿನಲ್ಲಿ, ಬಹುಮತದಿಂದ ಹೇಳಿತ್ತು. ನಮ್ಮ ಖುಲಾಸೆ ಬಂದದ್ದು ಅದರ ನಂತರ. (ಹೊಸ ನಾಗರಿಕ ಸುರಕ್ಷಾ ಸಂಹಿತೆಯಲ್ಲಿ ಇವು 413 ಮತ್ತು 419ನೇ ಕಲಂಗಳು.) ಬಾಧಿತರ ಮೇಲ್ಮನವಿಗೆ ಸಂಹಿತೆ ಕಾಲಮಿತಿ ಹೇಳಿರದಿದ್ದರೂ, ರಾಜ್ಯಕ್ಕಿರುವ 90 ದಿನಗಳೊಳಗೆ ಸಲ್ಲಿಸಿಬಿಡುವುದೇ ಕ್ಷೇಮವೆಂದು ಹಿರಿಯರು ಮೊದಲ ದಿನವೇ ಹೇಳಿದರು.

ಕಷ್ಟವಿದ್ದದ್ದು ಬೇರೆಡೆ. ಹನ್ನೊಂದು ಮಂದಿಯೂ ಜೈಲಿಗೆ ಹೋಗಬೇಕೆಂದು ಫಿರ್ಯಾದಿ ಪಟ್ಟು ಹಿಡಿದಿದ್ದ. ಹಿರಿಯರು ಕಡತ ಮುಚ್ಚಿ ಅವನನ್ನು ಚಹಾ ಕುಡಿದು ಬಾ ಎಂದು ಹೊರಗೆ ಕಳಿಸಿದರು. ಆಮೇಲೆ ಆಕೆಯ ಮುಂದೆ ಆರೋಪಿಗಳ ಪಟ್ಟಿ ಇಟ್ಟು, ಒಂದೊಂದೇ ಹೆಸರು ಓದುತ್ತ, "ಇವ ಯಾರು ತಂಗಿ, ಏನು ಮಾಡಿದ?" ಎಂದು ಕೇಳಿದರು. ಒಂಬತ್ತನೆಯ ಹೆಸರಿಗೆ ಬಂದಾಗ ಆಕೆ ಸೆರಗಿನ ತುದಿ ಹಿಂಡುತ್ತ ಬಹಳ ಹೊತ್ತು ಸುಮ್ಮನಿದ್ದು, "ಆ ಹುಡುಗ ಅವತ್ತು ಊರಾಗ ಇರಲಿಲ್ರಿ ಸಾಹೇಬ್ರ. ಕಾಲೇಜಿನ ಹಾಸ್ಟೆಲ್‌ನ್ಯಾಗ ಇದ್ದ. ನನ್ನ ಮಗನ ವಾರಿಗಿಯವ" ಎಂದಳು. ಮುಂದಿನ ಪ್ರಶ್ನೆಯನ್ನು ಹಿರಿಯರು ಕೇಳಲಿಲ್ಲ. ಪೆನ್ನಿನ ಮುಚ್ಚಳ ತೆಗೆದು ಪಟ್ಟಿಯಲ್ಲಿ ಮೊದಲ ಮೂರು ಹೆಸರುಗಳ ಕೆಳಗೆ ಗೆರೆ ಎಳೆದರು.

ನಾನು ಆ ನಿರ್ಧಾರವನ್ನು ವಿರೋಧಿಸಿದೆ. ಒಬ್ಬನು ಹಾಸ್ಟೆಲಿನಲ್ಲಿದ್ದರೆ ಅವನನ್ನು ಬಿಡೋಣ, ಎಂಟು ಮಂದಿಯನ್ನೂ ಬಿಡುವುದೇಕೆ ಎಂದು ಕೇಳಿದೆ. ನನ್ನ ಆತಂಕಕ್ಕೆ ಕಾನೂನಿನ ಆಧಾರವೂ ಇತ್ತು. 149ನೇ ಕಲಮಿಗೆ ಕೂಟದಲ್ಲಿ ಕನಿಷ್ಠ ಐದು ಮಂದಿ ಬೇಕು. ನಾವೇ ಮೂವರಿಗೆ ಇಳಿದರೆ ಆ ಕಲಂ ಕೈಬಿಟ್ಟು ಹೋಗುತ್ತದೆ. ಉಳಿಯುವುದು, ಒಂದೇ ಇರಾದೆಯಿಂದ ಕೂಡಿ ಮಾಡಿದ ಕೃತ್ಯಕ್ಕೆ ಪ್ರತಿಯೊಬ್ಬನನ್ನೂ ಹೊಣೆ ಮಾಡುವ ಸಮಾನ ಇರಾದೆಯ 34ನೇ ಕಲಂ, ಅದರ ಹೆಸರು ಆರೋಪದಲ್ಲೇ ಇಲ್ಲ. ಜೊತೆಗೆ, ಎಂಟು ಮಂದಿಯ ಬಗ್ಗೆ ನಮ್ಮ ಸಾಕ್ಷಿ ಸುಳ್ಳು ಹೇಳಿದನೆಂದು ನಾವೇ ಒಪ್ಪಿದರೆ, ಮೂವರ ಬಗ್ಗೆ ಅವನನ್ನು ಏಕೆ ನಂಬಬೇಕು ಎಂದು ಎದುರಿನವರು ಕೇಳುವುದು ಖಂಡಿತ.

ಹಿರಿಯರ ಉತ್ತರದಲ್ಲಿ ನನಗೆ ಆಗ ಒಪ್ಪಿಗೆಯಾಗದೆ, ಈಗ ಸರಿಯೆನಿಸುವ ಎರಡು ಮಾತುಗಳಿದ್ದವು. ಎದುರಿನವರು ಆ ಪ್ರಶ್ನೆಯನ್ನು ನಾವು ಒಪ್ಪಿದರೂ ಕೇಳುತ್ತಾರೆ, ಒಪ್ಪದಿದ್ದರೂ ಕೇಳುತ್ತಾರೆ. ಒಪ್ಪಿದರೆ ಮಾತ್ರ ನಮ್ಮ ಬಳಿ ಉತ್ತರವಿರುತ್ತದೆ ಎನ್ನುವುದು ಮೊದಲನೆಯದು. ಖುಲಾಸೆಯ ಮೇಲ್ಮನವಿ ಕೇಳುವ ಪೀಠ, ಕೆಳಗಿನ ತೀರ್ಪನ್ನು ಪೂರ್ತಿ ಹರಿದುಹಾಕಿ ಎಂದು ಬೇಡುವವನಿಗಿಂತ, ಇಂಥ ಪುಟದ ಇಂಥ ಕಡೆ ತಪ್ಪಿದೆ ಎಂದು ತೋರಿಸುವವನ ಮಾತನ್ನು ಹೆಚ್ಚು ಹೊತ್ತು ಕೇಳುತ್ತದೆ ಎನ್ನುವುದು ಎರಡನೆಯದು. ಮೇಲ್ಮನವಿಯ ಮೊದಲ ಆಧಾರವನ್ನು ಅವರೇ ಬರೆಸಿದರು: ಎಂಟು ಮಂದಿಯ ವಿರುದ್ಧದ ಸಾಕ್ಷ್ಯ ನಂಬಲರ್ಹವಲ್ಲವೆಂಬ ವಿಚಾರಣಾ ನ್ಯಾಯಾಲಯದ ತೀರ್ಮಾನವನ್ನು ಮೇಲ್ಮನವಿದಾರರು ಪ್ರಶ್ನಿಸುವುದಿಲ್ಲ. ಫಿರ್ಯಾದಿ ಅದನ್ನು ಓದಿಸಿ ಕೇಳಿ, ಎದ್ದು ಹೋದವನು ಮತ್ತೆ ಬರಲಿಲ್ಲ. ಆಕೆ ಹೆಬ್ಬೆಟ್ಟು ಒತ್ತಲಿಲ್ಲ, ನಿಧಾನವಾಗಿ ಸಹಿ ಮಾಡಿದಳು.

ಕೆಲವು ತಿಂಗಳ ನಂತರ ರಾಜ್ಯ ಸರ್ಕಾರವೂ ಹನ್ನೊಂದು ಮಂದಿಯ ವಿರುದ್ಧ ವಿಳಂಬ ಮನ್ನಾ ಅರ್ಜಿಯೊಡನೆ ಮೇಲ್ಮನವಿ ಸಲ್ಲಿಸಿತು. ಎರಡೂ ಒಟ್ಟಿಗೆ ವಿಚಾರಣೆಗೆ ಬಂದವು.

ಪೀಠದ ಮುಂದೆ

ಆರೋಪಿಗಳ ಪರ ವಕೀಲರು ನಿರೀಕ್ಷಿಸಿದಂತೆ ಚಂದ್ರಪ್ಪ ವಿರುದ್ಧ ಕರ್ನಾಟಕ ರಾಜ್ಯ ಪ್ರಕರಣದ 2007ರ ತೀರ್ಪಿನಿಂದ ಆರಂಭಿಸಿದರು. ಖುಲಾಸೆಯ ಮೇಲ್ಮನವಿಯಲ್ಲಿ ಉಚ್ಚ ನ್ಯಾಯಾಲಯಕ್ಕೆ ಸಾಕ್ಷ್ಯವನ್ನು ಪೂರ್ತಿಯಾಗಿ ಮರುಪರಿಶೀಲಿಸುವ ಅಧಿಕಾರವಿದೆ. ಇದು 1934ರಲ್ಲಿ ಶಿಯೋ ಸ್ವರೂಪ್ ಪ್ರಕರಣದಲ್ಲಿ ಬ್ರಿಟಿಷ್ ಕಾಲದ ಅತ್ಯುನ್ನತ ಮೇಲ್ಮನವಿ ನ್ಯಾಯಾಲಯವಾದ ಪ್ರಿವಿ ಕೌನ್ಸಿಲ್ ಹೇಳಿದಂದಿನಿಂದ ಬಂದ ಮಾತು. ಆದರೆ ಆರೋಪಿ ನಿರಪರಾಧಿ ಎಂಬ ಪೂರ್ವಭಾವನೆ ಖುಲಾಸೆಯಿಂದ ಇಮ್ಮಡಿಯಾಗಿರುತ್ತದೆ, ಮತ್ತು ಅದೇ ಸಾಕ್ಷ್ಯದಿಂದ ಎರಡು ಸಮಂಜಸ ಅಭಿಪ್ರಾಯಗಳು ಸಾಧ್ಯವಿದ್ದರೆ ಖುಲಾಸೆಯನ್ನು ಕದಲಿಸಬಾರದು ಎನ್ನುವುದು ಚಂದ್ರಪ್ಪ ತೀರ್ಪಿನ ಸಾರ. ವಿಚಾರಣಾ ನ್ಯಾಯಾಧೀಶರ ಅಭಿಪ್ರಾಯ ಅಂಥ ಒಂದು ಸಮಂಜಸ ಅಭಿಪ್ರಾಯ ಎಂದು ಅವರು ಸುಮಾರು ಒಂದು ಗಂಟೆ ವಾದಿಸಿದರು.

ನಮ್ಮ ವಾದ ಸಾಕ್ಷ್ಯವನ್ನು ಬೇರೆ ರೀತಿಯಲ್ಲಿ ಓದಿ ಎನ್ನುವುದಾಗಿರಲಿಲ್ಲ. ಓದಬೇಕಾದ ಒಂದು ಸಾಕ್ಷ್ಯವನ್ನು ಕೆಳಗಿನ ನ್ಯಾಯಾಲಯ ಅರ್ಧ ಮಾತ್ರ ಓದಿದೆ, ಅರ್ಧ ಓದಿ ತಲುಪಿದ ಅಭಿಪ್ರಾಯವನ್ನು ಸಮಂಜಸವೆನ್ನಲಾಗದು ಎನ್ನುವುದಾಗಿತ್ತು. ಹಿರಿಯರು ಎಂಎಲ್‌ಸಿ ರಿಜಿಸ್ಟರಿನ ಪುಟವನ್ನು ಪೀಠಕ್ಕೆ ತೋರಿಸಿದರು. ಅವಸರದ ಇಂಗ್ಲಿಷ್ ಕೈಬರಹ, ಸಮಯ, ಗಾಯದ ಅಳತೆ, ಮೂರು ಹೆಸರು. ವೈದ್ಯರು ಬೇರೆ ಜಿಲ್ಲೆಯವರಾದ್ದರಿಂದ ಎರಡನೆಯ ಆರೋಪಿಯ ಮನೆತನದ ಹೆಸರನ್ನು ಕಿವಿಗೆ ಬಿದ್ದಂತೆ ತಪ್ಪಾಗಿ ಬರೆದಿದ್ದರು. ಅದು ಬೇರೆಯೇ ಮನುಷ್ಯನೆಂದು ವಿಚಾರಣೆಯಲ್ಲಿ ವಾದ ನಡೆದಿತ್ತು. ಯಾರೋ ಕುಳಿತು ಬರೆಸಿದ್ದರೆ ಆ ಹೆಸರು ಸರಿಯಾಗಿರುತ್ತಿತ್ತು ಎಂದು ಹಿರಿಯರು ಹೇಳಿದಾಗ, ಇಬ್ಬರು ನ್ಯಾಯಮೂರ್ತಿಗಳಲ್ಲಿ ಒಬ್ಬರು ಆ ಪುಟವನ್ನು ತಮ್ಮ ಕಡೆ ಎಳೆದುಕೊಂಡು ಮತ್ತೊಮ್ಮೆ ಓದಿದರು. ಅಲ್ಲಿಯವರೆಗೆ ಪೀಠ ನಮ್ಮ ಕಡೆ ಒಲಿದ ಯಾವ ಸೂಚನೆಯೂ ಇರಲಿಲ್ಲ.

ಹೊಡೆದವರ ಹೆಸರು ಬರೆದುಕೊಳ್ಳುವುದು ವೈದ್ಯರ ಕೆಲಸವಲ್ಲ, ಆದ್ದರಿಂದ ಆ ನಮೂದಿಗೆ ಬೆಲೆಯಿಲ್ಲ ಎಂಬ ಆಕ್ಷೇಪ ಬಂತು. ಬರೆಯದಿದ್ದರೆ ಅದನ್ನು ಅಭಿಯೋಜನೆಯ ವಿರುದ್ಧ ಹಿಡಿಯಬಾರದು ಎನ್ನುವುದು ಅದರ ಅರ್ಥವೇ ಹೊರತು, ಬರೆದದ್ದನ್ನು ಅಳಿಸಬೇಕೆಂದಲ್ಲ. ಘಟನೆ ನಡೆದ ಹೊತ್ತಿನಲ್ಲಿ ಅಥವಾ ಅದರ ಆಸುಪಾಸಿನಲ್ಲಿ ಸಾಕ್ಷಿ ನೀಡಿದ ಹಿಂದಿನ ಹೇಳಿಕೆಯನ್ನು ಅವನ ಸಾಕ್ಷ್ಯದ ಪುಷ್ಟಿಗೆ ಬಳಸಬಹುದೆಂದು ಹಳೆಯ ಸಾಕ್ಷ್ಯ ಅಧಿನಿಯಮದ 157ನೇ ಕಲಂ ಹೇಳುತ್ತಿತ್ತು; ಪೊಲೀಸರ ಮುಂದಿನ ಹೇಳಿಕೆಗಿರುವ ನಿರ್ಬಂಧ ವೈದ್ಯರ ಮುಂದಿನ ಹೇಳಿಕೆಗಿಲ್ಲ. ಮೂಳೆ ಕಡಿದ ಕೈ ಹಿಡಿದುಕೊಂಡು, ಅಣ್ಣನ ಹೆಣದ ಪಕ್ಕದಲ್ಲಿ, ಘಟನೆಯಾದ ಒಂದು ಗಂಟೆ ನಲವತ್ತು ನಿಮಿಷದೊಳಗೆ ಆಡಿದ ಮಾತದು.

ಅನಂತರ ಬಂದದ್ದು ನಾವು ಕಾದಿದ್ದ ಪ್ರಶ್ನೆ: ಎಂಟರಲ್ಲಿ ಸುಳ್ಳಾಡಿದವನನ್ನು ಮೂರರಲ್ಲಿ ನಂಬುವುದು ಹೇಗೆ? ಒಂದು ಸುಳ್ಳು ಸಿಕ್ಕರೆ ಇಡೀ ಸಾಕ್ಷ್ಯವನ್ನು ಎಸೆಯಬೇಕೆಂಬ ನಿಯಮ ನಮ್ಮ ದೇಶದಲ್ಲಿಲ್ಲ. ಜೊಳ್ಳನ್ನು ತೂರಿ ಕಾಳನ್ನು ಉಳಿಸಿಕೊಳ್ಳುವುದು ನ್ಯಾಯಾಲಯದ ಕರ್ತವ್ಯವೆಂದು ಉಗರ್ ಅಹೀರ್ ಪ್ರಕರಣದಲ್ಲಿ ಸುಪ್ರೀಂ ಕೋರ್ಟು ಹೇಳಿದೆ. ಆದರೆ ತೂರುವುದಕ್ಕೆ ಗಾಳಿ ಬೇಕು; ಅಂದರೆ ಸಾಕ್ಷಿಯ ಬಾಯಿಮಾತಿನ ಹೊರಗೆ ನಿಂತು ಸತ್ಯವನ್ನೂ ಸುಳ್ಳನ್ನೂ ಬೇರೆ ಮಾಡುವ ಒಂದು ಅಳತೆ ಬೇಕು. ಆ ಅಳತೆ ಇಲ್ಲಿ ಆಸ್ಪತ್ರೆಯ ನಮೂದು ಮತ್ತು ಶವಪರೀಕ್ಷೆಯ ವರದಿ. ಎಂಟು ಮಂದಿ ಆ ಎರಡರಲ್ಲೂ ಕಾಣುವುದಿಲ್ಲ. ಹಳ್ಳಿಯ ಗುಂಪು ಘರ್ಷಣೆಗಳಲ್ಲಿ ಇಬ್ಬರೋ ಮೂವರೋ ಸಾಕ್ಷಿಗಳು ಒಂದೇ ರೀತಿ ಹೇಳಿದರೆ ಮಾತ್ರ ಶಿಕ್ಷಿಸುವುದು ವಾಡಿಕೆ ಎಂಬ 1964ರ ಮಸಲ್ತಿ ತೀರ್ಪಿನ ಮಾತನ್ನು ಎದುರಿನವರು ಎತ್ತಿದಾಗ, ಅದು ಬಹುಸಂಖ್ಯೆಯ ಆರೋಪಿಗಳಿರುವಾಗಿನ ಎಚ್ಚರ, ಮೂವರ ಮೇಲಿನ ಮೇಲ್ಮನವಿಗೆ ಅದು ಅಡ್ಡಿಯಲ್ಲ ಎಂದು ಹೇಳಲು ನಮಗೆ ಸಾಧ್ಯವಾದದ್ದು ಪಟ್ಟಿಯನ್ನು ನಾವೇ ಕಿರಿದು ಮಾಡಿದ್ದರಿಂದ. ನನ್ನ ವಿರೋಧ ತಪ್ಪಾಗಿತ್ತೆಂದು ನನಗೆ ತಿಳಿದದ್ದು ಆ ಗಳಿಗೆಯಲ್ಲಿ.

149 ಬಿದ್ದುಹೋದ ಮೇಲೆ 34 ನಿಲ್ಲುವುದೇ ಎನ್ನುವುದು ನಿಜವಾಗಿಯೂ ತೂಗಾಡಿದ ಅಂಶ. ಆರೋಪದಲ್ಲಿ ಕಲಮಿನ ಸಂಖ್ಯೆ ಇಲ್ಲದಿದ್ದರೂ, ಯಾರು ಯಾವ ಆಯುಧದಿಂದ ಎಲ್ಲಿಗೆ ಹೊಡೆದರೆಂಬ ಸಂಗತಿ ಆರೋಪದಲ್ಲಿದ್ದು, ಆರೋಪಿಗೆ ಅದಕ್ಕೆ ಉತ್ತರಿಸುವ ಅವಕಾಶ ಸಿಕ್ಕಿದ್ದರೆ, ಅವನಿಗೆ ಅನ್ಯಾಯವಾಗಲಿಲ್ಲವೆಂದು 34ರಡಿ ಶಿಕ್ಷಿಸಬಹುದು. ಹಾಗಾದರೆ ಅವಕಾಶ ಸಿಕ್ಕಿತ್ತೇ? ಮೇಲ್ಮನವಿಯ ವಿಚಾರಣೆಯ ಹಿಂದಿನ ರಾತ್ರಿ ನಾನು 313ನೇ ಕಲಮಿನ ಹೇಳಿಕೆಗಳನ್ನು, ಅಂದರೆ ತಮ್ಮ ವಿರುದ್ಧದ ಸಾಕ್ಷ್ಯದ ಬಗ್ಗೆ ನ್ಯಾಯಾಧೀಶರು ಕೇಳಿದ ಪ್ರಶ್ನೆಗಳಿಗೆ ಆರೋಪಿಗಳು ಕೊಟ್ಟ ಉತ್ತರಗಳನ್ನು, ಮೂರನೆಯ ಸಲ ಓದುತ್ತಿದ್ದೆ. ಇಂಥ ಹೇಳಿಕೆಗಳಲ್ಲಿ ಎಲ್ಲ ಆರೋಪಿಗಳಿಗೂ ಒಂದೇ ಪ್ರಶ್ನಾವಳಿ ಅಚ್ಚು ಹಾಕಿದಂತೆ ಇರುವುದು ಸಾಮಾನ್ಯ, ಎಷ್ಟೋ ಪ್ರಕರಣಗಳು ಅಲ್ಲೇ ಸೋಲುತ್ತವೆ. ಇಲ್ಲಿ 19ನೇ ಪ್ರಶ್ನೆಯಲ್ಲಿ ನ್ಯಾಯಾಧೀಶರು ವೈದ್ಯರ ನಮೂದನ್ನೂ ಅದರಲ್ಲಿರುವ ಹೆಸರುಗಳನ್ನೂ ಪ್ರತಿ ಆರೋಪಿಯ ಮುಂದಿಟ್ಟಿದ್ದರು. ಉತ್ತರ ಪ್ರತಿ ಸಲವೂ "ಸುಳ್ಳು" ಎಂಬ ಒಂದೇ ಪದ. ಖುಲಾಸೆ ಬರೆದ ನ್ಯಾಯಾಧೀಶರೇ ಆ ಪ್ರಶ್ನೆ ಕೇಳಿದ್ದರು. ಅವರು ಅದನ್ನು ಕೇಳದೆ ಬಿಟ್ಟಿದ್ದರೆ ಆ ನಮೂದನ್ನು ಆರೋಪಿಗಳ ವಿರುದ್ಧ ಬಳಸಲು ನಮಗೆ ಬಹಳ ಕಷ್ಟವಾಗುತ್ತಿತ್ತು.

ತೀರ್ಪು

ವಿಭಾಗೀಯ ಪೀಠ ಮೊದಲ ಮತ್ತು ಎರಡನೆಯ ಆರೋಪಿಗಳ ಖುಲಾಸೆಯನ್ನು ರದ್ದುಪಡಿಸಿ, 302 ಸಹಿತ 34ನೇ ಕಲಮಿನಡಿ ಇಬ್ಬರನ್ನೂ, ತಮ್ಮನ ಗಾಯಕ್ಕಾಗಿ 326ರಡಿ ಎರಡನೆಯವನನ್ನೂ ಅಪರಾಧಿಗಳೆಂದು ಘೋಷಿಸಿತು. ಇದು ಹಠಾತ್ ಜಗಳವೆಂಬ ಪರ್ಯಾಯ ವಾದವನ್ನು ಪೀಠ ಒಪ್ಪಲಿಲ್ಲ. ದಾರಿಗೆ ಮುಳ್ಳು ಮೊದಲೇ ಹಾಕಲಾಗಿತ್ತು, ಆಯುಧಗಳು ಮನೆಯಿಂದ ಬಂದಿದ್ದವು, ಪೆಟ್ಟು ಬಿದ್ದದ್ದು ಬರಿಗೈಯಲ್ಲಿ ಬಾಗಿದ್ದವನ ಮೇಲೆ. ಶಿಕ್ಷೆಯ ಪ್ರಮಾಣದ ಬಗ್ಗೆ ಪ್ರತ್ಯೇಕವಾಗಿ ಕೇಳಿ ಜೀವಾವಧಿ ವಿಧಿಸಿತು.

ಮೂರನೆಯ ಆರೋಪಿಯ ಖುಲಾಸೆ ಉಳಿಯಿತು. ಅವನ ಹೆಸರು ಆಸ್ಪತ್ರೆಯ ನಮೂದಿನಲ್ಲಿತ್ತು, ಆದರೆ ಬಡಿಗೆಯಿಂದ ಹೊಡೆದನೆಂಬ ಆರೋಪಕ್ಕೆ ತಕ್ಕ ಮೊಂಡು ಗಾಯ ಮೃತನ ಮೈಮೇಲೂ ಇರಲಿಲ್ಲ, ತಮ್ಮನ ಮೈಮೇಲೂ ಇರಲಿಲ್ಲ. ನಾವೇ ಪೀಠದ ಕೈಗೆ ಕೊಟ್ಟ ಅಳತೆಯಿಂದ ಪೀಠ ಅವನನ್ನು ಬಿಟ್ಟಿತು. ಅದರ ವಿರುದ್ಧ ಹೇಳಲು ನಮಗೆ ಏನೂ ಉಳಿದಿರಲಿಲ್ಲ. ಉಳಿದ ಎಂಟು ಮಂದಿಯ ವಿಷಯದಲ್ಲಿ ರಾಜ್ಯದ ಮೇಲ್ಮನವಿ ಎರಡು ಪ್ಯಾರಾಗಳಲ್ಲಿ ವಜಾ ಆಯಿತು.

ಈ ಕಡತವನ್ನು ಕಿರಿಯರಿಗೆ ತೋರಿಸುವಾಗ ನಾನು ಮೊದಲು ತೆರೆಯುವುದು ಮೇಲಿನ ತೀರ್ಪನ್ನಲ್ಲ, ಮಧ್ಯಾಹ್ನ 1.30ರ ಫಿರ್ಯಾದಿಯನ್ನು. ಆಸ್ಪತ್ರೆಯಿಂದ ಠಾಣೆಗೆ ಬರುವ ಆ ನಾಲ್ಕೈದು ತಾಸುಗಳಲ್ಲಿ ಊರಿನ ಹಿರಿಯರು, ಬೀಗರು, ಪಕ್ಷದವರು ಸೇರಿ ಹೆಸರು ಕೂಡಿಸುತ್ತಾರೆ. ಹೆಚ್ಚು ಹೆಸರಿದ್ದಷ್ಟೂ ಕೇಸು ಗಟ್ಟಿ ಎಂದು ಅವರು ನಂಬಿರುತ್ತಾರೆ. ಇಲ್ಲಿ ಆ ಎಂಟು ಹೆಸರುಗಳು ಕೊಲೆಗಾರರಿಬ್ಬರಿಗೆ ವರ್ಷಗಟ್ಟಲೆ ಆಸರೆಯಾದವು. ಗಾಯಾಳು ಮಾತಾಡುವ ಸ್ಥಿತಿಯಲ್ಲಿದ್ದಾಗ ಅವನನ್ನು ಬಿಟ್ಟು ಇನ್ನೊಬ್ಬನಿಂದ ಫಿರ್ಯಾದಿ ಪಡೆದ ತನಿಖೆಯ ತಪ್ಪೂ ಅಲ್ಲಿಂದಲೇ ಶುರುವಾಗುತ್ತದೆ. ಹೊಸ ಸಂಹಿತೆಯ 105ನೇ ಕಲಂ ಶೋಧ ಮತ್ತು ಜಪ್ತಿಯನ್ನು ಚಿತ್ರೀಕರಿಸಬೇಕೆನ್ನುತ್ತದೆ. ಪಂಚರು ತಿರುಗಿ ಬೀಳುವ ಪ್ರಕರಣಗಳಿಗೆ ಅದರಿಂದ ನೆರವಾದೀತು, ಫಿರ್ಯಾದಿಯಲ್ಲಿ ಹೆಸರು ಬೆಳೆಯುವುದಕ್ಕೆ ಅದರಲ್ಲಿ ಮದ್ದಿಲ್ಲ.

ಖುಲಾಸೆಯನ್ನು ತಿರುಗಿಸಿ ಜೀವಾವಧಿ ವಿಧಿಸಿದಾಗ ಸುಪ್ರೀಂ ಕೋರ್ಟಿಗೆ ಹೋಗುವುದು 379ನೇ ಕಲಮಿನಡಿ ಆರೋಪಿಯ ಹಕ್ಕು. ಇಬ್ಬರೂ ಶರಣಾಗಿ, ಆ ಹಕ್ಕನ್ನು ಬಳಸಿದ್ದಾರೆ, ಮೇಲ್ಮನವಿ ಬಾಕಿಯಿದೆ. ಬಂಡಿದಾರಿಯ ಸಿವಿಲ್ ದಾವೆಯೂ ಬಾಕಿಯಿದೆ. ಕಳೆದ ಮುಂಗಾರಿನಲ್ಲಿ ಆಕೆ ಫೋನು ಮಾಡಿ, ದಾವೆಯ ಮುಂದಿನ ತಾರೀಕು ಯಾವುದೆಂದು ಕೇಳಿದಳು. ತಡೆಯಾಜ್ಞೆ ಇರುವುದರಿಂದ ಆಕೆಯ ಕೂರಿಗೆ ಈಗಲೂ ಹಳ್ಳದ ಕಡೆಯಿಂದ ಒಂದೂವರೆ ಕಿಲೋಮೀಟರ್ ಸುತ್ತಿ ಹೊಲ ಸೇರುತ್ತದೆ.